ಗೋಲಿಯ ಮೈಮೇಲಿನ ಸಾಕ್ಷ್ಯ

ಹಳೆಯ ವಸ್ತುಗಳನ್ನು ಆಸಕ್ತಿಯಿಂದ ಸಂಗ್ರಹಿಸುವವರಿಗೆ ಸಾಮಾನ್ಯವಾಗಿ ಯಾವುದಾದರೊಂದು ಆಧಾರ ಒದಗಿಯೇ ಇರುತ್ತದೆ. ನಾಣ್ಯದ ಮೇಲೆ ಅರಸನ ಮುದ್ರೆಯುಂಟು. ಪಿಂಗಾಣಿಯ ತಟ್ಟೆಯನ್ನು ಮಗುಚಿ ನೋಡಿದರೆ ಕಾರ್ಖಾನೆಯ ಗುರುತು ಕಾಣುತ್ತದೆ. ಚಿತ್ರಪಟದ ಮೂಲೆಯಲ್ಲಿ ಚಿತ್ರಕಾರನ ಅಂಕಿತವೂ ಅಂಚೆಚೀಟಿಯ ನೆತ್ತಿಯಲ್ಲಿ ದೇಶದ ನಾಮಧೇಯವೂ ಇರುತ್ತವೆ. ಆದರೆ ಮಕ್ಕಳು ಬೆರಳ ತುದಿಯಿಂದ ಚಿಮ್ಮಿ ಆಡಿದ ಗಾಜಿನ ಗೋಲಿಗೆ ಇಂಥ ಆಸರೆಯೊಂದೂ ಇಲ್ಲ. ಅದಕ್ಕೆ ಮೇಲು ಕೆಳಗೆಂಬ ಭೇದವಿಲ್ಲ, ಅಂಚು ಮೂಲೆಗಳಿಲ್ಲ, ಹೆಸರನ್ನು ಬರೆದಿಡಲು ಎಳ್ಳಷ್ಟು ಸಮತಲವಾದ ಎಡೆಯಿಲ್ಲ. ಹೀಗಿದ್ದರೂ, ಪರಿಣತರಾದವರು ಅಂತಹ ಒಂದು ಗೋಲಿಯನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ಎರಡು ಬಾರಿ ತಿರುಗಿಸಿ ನೋಡಿ, ಇದು ಜರ್ಮನಿಯ ಕುಲುಮೆಯಲ್ಲಿ ಕೈಯಿಂದ ಆದುದು, ಇದು ಅಮೆರಿಕದ ಯಂತ್ರದಿಂದ ಉರುಳಿಬಂದುದು, ಇದು ನಿನ್ನೆ ಮೊನ್ನೆ ತಯಾರಾದ ನಕಲು ಎಂದು ನಿಸ್ಸಂಶಯವಾಗಿ ನುಡಿಯಬಲ್ಲರು.

ಈ ವಿದ್ಯೆಯ ಮೂಲಸೂತ್ರವನ್ನು ಮೊದಲೇ ಹೇಳಿಬಿಡುವುದು ಲೇಸು. ಗೋಲಿಯ ಬಣ್ಣದಿಂದಾಗಲಿ ಹೊಳಪಿನಿಂದಾಗಲಿ, ಅದನ್ನು ಮಾರುವವನು ಹೇಳುವ ಕಥೆಯಿಂದಾಗಲಿ ಅದರ ಹುಟ್ಟು ನಿರ್ಣಯವಾಗಲಾರದು. ಕರಗಿದ ಗಾಜು ಗುಂಡಾಗಿ ಗಟ್ಟಿಯಾಗುವ ಆ ಅಲ್ಪಕಾಲದಲ್ಲಿ ಅದನ್ನು ಹಿಡಿದ ಕೈ, ಕತ್ತರಿಸಿದ ಅಲಗು, ಉರುಳಿಸಿದ ಚಕ್ರ ಇವೆಲ್ಲವೂ ತಂತಮ್ಮ ಗುರುತನ್ನು ಅದರ ಮೈಮೇಲೆ ಬಿಟ್ಟುಹೋಗುತ್ತವೆ. ಗುಂಡನೆಯ ನುಣುಪನ್ನೇ ಗುರಿಯಾಗಿಟ್ಟುಕೊಂಡಿದ್ದ ತಯಾರಕನಿಗೆ ಅಂದು ಯಾವುದು ಕುಂದಾಗಿ ತೋರಿತೋ ಅದೇ ಇಂದು ನಮಗೆ ಪ್ರಮಾಣವಾಗಿ ಉಳಿದಿದೆ. ಆ ಕುಂದನ್ನು ಓದಲು ಕಲಿಯುವುದೇ ಹಳೆಯ ಗೋಲಿಗಳನ್ನು ಗುರುತಿಸುವ ವಿದ್ಯೆ.

ಗಾಜಿಗೆ ಮುನ್ನ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಯೂರೋಪಿನ ಮಕ್ಕಳ ಕೈಯಲ್ಲಿದ್ದ ಗೋಲಿಗಳಲ್ಲಿ ಬಹುಪಾಲು ಗಾಜಿನವಲ್ಲ. ಜೇಡಿಮಣ್ಣಿನವು, ಸುಣ್ಣಕಲ್ಲಿನವು, ಪಿಂಗಾಣಿಯವು, ಅಪರೂಪಕ್ಕೆ ಅಗೇಟ್ ಶಿಲೆಯವು. ಸುಟ್ಟ ಮಣ್ಣಿನ ಸಾಮಾನ್ಯ ಗೋಲಿಗಳು ಇಂದಿಗೂ ರಾಶಿರಾಶಿಯಾಗಿ ದೊರೆಯುವುದರಿಂದ ಅವುಗಳಿಗೆ ಬೆಲೆ ಕಡಮೆ. ಕಂದು ಅಥವಾ ನೀಲಿಯ ಮೆರುಗು ಕೊಟ್ಟ ಮಣ್ಣಿನ ಗೋಲಿಗಳನ್ನು ಸಂಗ್ರಾಹಕರು ಬೆನಿಂಗ್ಟನ್ ಎಂದು ಕರೆಯುತ್ತಾರಾದರೂ ಅವುಗಳಲ್ಲಿ ಹೆಚ್ಚಿನವು ಆ ಹೆಸರಿನ ಅಮೆರಿಕದ ಊರಿನವಲ್ಲ, ಜರ್ಮನಿಯವು. ಗೂಡಿನಲ್ಲಿ ಒಂದರ ಪಕ್ಕದಲ್ಲೊಂದು ತಗುಲಿಕೊಂಡು ಬೇಯುವಾಗ, ತಗುಲಿದ ಕಡೆ ಮೆರುಗು ಹತ್ತದೆ ಉಳಿದ ದುಂಡು ಕಲೆಗಳೇ ಅವುಗಳ ಲಕ್ಷಣ. ಪಿಂಗಾಣಿಯ ಗೋಲಿಗಳ ಮೇಲೆ ಕುಂಚದಿಂದ ಎಳೆದ ಸಪುರವಾದ ಗೆರೆಗಳೂ ಸಣ್ಣ ಹೂಗಳೂ ಇರುತ್ತವೆ.

ಅಗೇಟ್ ಗೋಲಿಯ ಕಥೆ ಮಾತ್ರ ಸ್ವಲ್ಪ ನಿಲ್ಲಿಸಿ ಹೇಳಬೇಕಾದದ್ದು. ಜರ್ಮನಿಯ ಇಡಾರ್-ಓಬರ್‌ಸ್ಟೈನ್ ಎಂಬ ಊರು ಶತಮಾನಗಳಿಂದ ಶಿಲೆಗಳಿಗೆ ಸಾಣೆ ಹಿಡಿಯುವವರ ಊರು. ಹೊಳೆಯ ನೀರಿನಿಂದ ತಿರುಗುತ್ತಿದ್ದ ಬೃಹತ್ತಾದ ಮರಳುಗಲ್ಲಿನ ಚಕ್ರಗಳ ಮುಂದೆ, ಮರದ ಪೀಠಗಳ ಮೇಲೆ ಸಾಣೆಗಾರರು ಬೋರಲಾಗಿ ಮಲಗಿ, ಹಿಂಬದಿಯ ದಿಮ್ಮಿಗೆ ಪಾದಗಳನ್ನು ಒತ್ತಿ, ಇಡೀ ದೇಹದ ಭಾರವನ್ನು ಕೈಗಳಿಗೆ ತಂದುಕೊಂಡು ಕಲ್ಲಿನ ಚೂರನ್ನು ಚಕ್ರಕ್ಕೆ ಹಿಡಿಯುತ್ತಿದ್ದರು. ಸ್ವಲ್ಪ ತೇಯುವುದು, ಸ್ವಲ್ಪ ತಿರುಗಿಸುವುದು, ಮತ್ತೆ ತೇಯುವುದು: ಹೀಗೆ ಅಸಂಖ್ಯ ಸಲ ಮಾಡಿದ ಮೇಲೆ ಚೂರು ಗುಂಡಾಗುತ್ತಿತ್ತು. ಕಣ್ಣಿಗೆ ಅದು ಪೂರ್ಣಗೋಲವೆಂದೇ ತೋರುವುದು. ಆದರೆ ಭೂತಗನ್ನಡಿಯ ಕೆಳಗೆ ಬೆಳಕಿನಲ್ಲಿ ಮೆಲ್ಲನೆ ಹೊರಳಿಸಿದಾಗ ಮೈತುಂಬ ಅತಿಸೂಕ್ಷ್ಮವಾದ ಚಪ್ಪಟೆ ಮುಖಗಳು ಒಂದೊಂದಾಗಿ ಮಿನುಗಿ ಮಾಯವಾಗುತ್ತವೆ. ಆ ಪ್ರತಿಯೊಂದು ಮುಖವೂ ಸಾಣೆಗಾರನು ಕಲ್ಲನ್ನು ಒಮ್ಮೆ ಒತ್ತಿ ಹಿಡಿದದ್ದರ ಗುರುತು. ಈ ಮುಖಗಳಿರುವುದು ಕೈಸಾಣೆಯ ಹಳೆಯ ಗೋಲಿ. ಇವಿಲ್ಲದೆ ಸರ್ವತ್ರ ನುಣ್ಣಗಿರುವುದು ಈಚಿನ ಯಂತ್ರದ ಕೆಲಸ.

ಲೌಷಾದ ಕತ್ತರಿ

ಗಾಜಿನ ಗೋಲಿಯ ಇತಿಹಾಸಕ್ಕೆ ತವರೆಂದು ಹೇಳತಕ್ಕದ್ದು ಜರ್ಮನಿಯ ಥ್ಯೂರಿಂಗಿಯ ಪ್ರಾಂತದ ಅರಣ್ಯಾವೃತವಾದ ಬೆಟ್ಟಗಳ ನಡುವಣ ಲೌಷಾ ಎಂಬ ಸಣ್ಣ ಊರು. 1597ರಲ್ಲಿ ಹನ್ಸ್ ಗ್ರೈನರ್ ಮತ್ತು ಕ್ರಿಸ್ಟೊಫ್ ಮ್ಯುಲ್ಲರ್ ಎಂಬ ಗಾಜುಗಾರರಿಬ್ಬರು ಅಲ್ಲಿ ಕುಲುಮೆಯನ್ನು ಸ್ಥಾಪಿಸಿದರು. ಉರಿಸಲು ಸೌದೆಯೂ ಗಾಜಿಗೆ ಬೇಕಾದ ಮರಳೂ ಮರದ ಬೂದಿಯೂ ನೆರೆಯಲ್ಲೇ ದೊರೆಯುತ್ತಿದ್ದುದರಿಂದ ಊರಿಗೆ ಊರೇ ಗಾಜಿನ ಕಸುಬಿನ ಮೇಲೆ ಬೆಳೆಯಿತು. ಕ್ರಿಸ್‌ಮಸ್ ವೃಕ್ಷಕ್ಕೆ ತೂಗಹಾಕುವ ಗಾಜಿನ ಗುಂಡುಗಳಿಗೂ, ಕಣ್ಣನ್ನು ಕಳೆದುಕೊಂಡವರಿಗೆ ಇಡುವ ಗಾಜಿನ ಕೃತಕ ನೇತ್ರಗಳಿಗೂ ಲೌಷಾ ಜಗತ್ತಿನಲ್ಲೆಲ್ಲ ಹೆಸರಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಆ ಶತಮಾನದ ನಾಲ್ವತ್ತರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಗ್ರೈನರ್ ಮನೆತನದವರ ಕುಲುಮೆಯಲ್ಲಿ ಒಂದು ಉಪಕರಣ ಬಳಕೆಗೆ ಬಂದಿತು. ನೋಡಲು ಅದು ಇಕ್ಕಳವೂ ಹೌದು, ಕತ್ತರಿಯೂ ಹೌದು: ಒಂದು ತೋಳಿನ ತುದಿಯಲ್ಲಿ ಅರೆಗೋಲಾಕಾರದ ಪುಟ್ಟ ಬಟ್ಟಲು, ಇನ್ನೊಂದರಲ್ಲಿ ಅಲಗು. ಕೆಲಸದ ಕ್ರಮ ಹೀಗೆ. ಮೊದಲು ಬಣ್ಣದ ಗಾಜಿನ ತೆಳುಕಡ್ಡಿಗಳನ್ನು ಜೋಡಿಸಿ ಕಾಯಿಸಿ ಅವುಗಳ ಮೇಲೆ ತಿಳಿಗಾಜಿನ ಪದರವನ್ನು ಸುತ್ತಿ, ಅದರ ಹೊರಮೈಗೆ ಮತ್ತೆ ಬಣ್ಣದ ಎಳೆಗಳನ್ನು ಅಂಟಿಸಿ, ಎಲ್ಲವೂ ಮೆತ್ತಗಾಗಿರುವಾಗಲೇ ಎಳೆದು ಹೊಸೆದು ಉದ್ದನೆಯ ಸಲಾಕೆಯನ್ನಾಗಿ ಮಾಡುವರು. ಆ ಸಲಾಕೆಯ ತುದಿಯನ್ನು ಪುನಃ ಕಾಯಿಸಿ ಬಟ್ಟಲಿಗೆ ಒತ್ತಿ, ಎಡೆಬಿಡದೆ ತಿರುಗಿಸುತ್ತ, ಗುಂಡಾದ ಭಾಗವನ್ನು ಅಲಗಿನಿಂದ ಕತ್ತರಿಸಿಬಿಡುವರು. ಒಂದು ಸಲಾಕೆಯಿಂದ ಹೀಗೆ ಸಾಲಾಗಿ ಹಲವು ಗೋಲಿಗಳು ಹುಟ್ಟುತ್ತಿದ್ದವು.

ಹೀಗೆ ಹುಟ್ಟಿದ ಗೋಲಿಗೆ ಎರಡು ಧ್ರುವಗಳಲ್ಲಿ ಎರಡು ಗಾಯಗಳು ಉಳಿಯುವುದು ಅನಿವಾರ್ಯ: ಒಂದು, ಹಿಂದಿನ ಗೋಲಿಯಿಂದ ಬೇರ್ಪಟ್ಟ ಕಡೆಯದು; ಇನ್ನೊಂದು, ತಾನು ಸಲಾಕೆಯಿಂದ ಬೇರ್ಪಟ್ಟ ಕಡೆಯದು. ಇಂಥ ಗಾಯಕ್ಕೆ ಪಾಂಟಿಲ್ ಎಂದು ಹೆಸರು. ಮಗುವಿನ ಮೈಮೇಲೆ ಹೊಕ್ಕುಳು ಹೇಗೋ ಹಾಗೆ, ತಾಯಿಯಿಂದ ಬೇರ್ಪಟ್ಟದ್ದರ ನಿತ್ಯಸ್ಮಾರಕವಾಗಿ ಅದು ಗೋಲಿಯಲ್ಲಿ ನೆಲಸಿರುತ್ತದೆ. ಕೆಲವದರಲ್ಲಿ ಅದು ಮುರಿದಂತೆ ಒರಟಾಗಿರುವುದು; ಕೆಲವದರಲ್ಲಿ ಸಾಣೆಗೆ ಹಿಡಿದು ತೇದ ಸಣ್ಣ ಮುಖಗಳಾಗಿರುವುದು; ಮತ್ತೆ ಕೆಲವದರಲ್ಲಿ ಬೆಂಕಿಗೆ ಒಡ್ಡಿ ಕರಗಿಸಿದುದರಿಂದ ಮಸಕಾದ ಗುಳಿಯಂತೆ ತೋರುವುದು. ಉಗುರಿನಿಂದ ಗೀರಿದರೆ ಕಣ್ಣಿಗೆ ಕಾಣದ ಪಾಂಟಿಲ್ಲೂ ಬೆರಳಿಗೆ ಸಿಕ್ಕುತ್ತದೆ. ಗೋಲಿಯೊಳಗಿನ ಬಣ್ಣದ ಎಳೆಗಳೆಲ್ಲ ಈ ಎರಡು ಬಿಂದುಗಳಲ್ಲಿ ಬಂದು ಕೂಡಿಕೊಳ್ಳುವುದು ಕೈಕೆಲಸದ ಅತ್ಯಂತ ನಂಬುಗೆಯ ಲಕ್ಷಣ.

ತಿರುಳಿನ ವೈವಿಧ್ಯ

ಕೈಯಿಂದಾದ ಜರ್ಮನ್ ಗೋಲಿಗಳನ್ನು ವರ್ಗೀಕರಿಸುವುದು ಮುಖ್ಯವಾಗಿ ಅವುಗಳ ತಿರುಳಿನ ಮೇಲಿಂದ. ಉದಾಹರಣೆಗೆ, ಲ್ಯಾಟಿಚೀನೊ ಎಂಬ ಬಗೆಯ ಗೋಲಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನಡುವೆ, ಬಿಳಿಯ ನೂಲಿನಷ್ಟು ಸಪುರವಾದ ಎಳೆಗಳು ಒಂದನ್ನೊಂದು ಅಡ್ಡಹಾಯ್ದು ಹೆಣೆದ ಜಾಲರಿಯೊಂದು ತೂಗಾಡುತ್ತಿರುವಂತೆ ಕಾಣುವುದು. ಜಾಲರಿಯ ಒಳಗೆ ತಿಳಿಗಾಜಲ್ಲದೆ ಬೇರೇನೂ ಇಲ್ಲ. ಅದರ ಹೊರಗೆ ಒಂದಿಷ್ಟು ದೂರದಲ್ಲಿ, ಮೇಲ್ಮೈಗೆ ಸಮೀಪವಾಗಿ, ಕೆಂಪು, ನೀಲಿ, ಹಸುರು, ಹಳದಿಯ ಪಟ್ಟೆಗಳು ಒಂದೇ ದಿಕ್ಕಿಗೆ ಹೊರಳಿಕೊಂಡು ಒಂದು ಧ್ರುವದಿಂದ ಇನ್ನೊಂದಕ್ಕೆ ಸಾಗುತ್ತವೆ. ಗೋಲಿಯೇ ಮಸೂರದಂತೆ ವರ್ತಿಸುವುದರಿಂದ ಒಳಗಿನ ಜಾಲರಿ ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಜಾಲರಿಯ ಎಳೆ ಬಿಳಿಯದಾಗಿದ್ದರೆ ಗೋಲಿ ಸಾಮಾನ್ಯ. ಹಳದಿಯದಾದರೆ ಕೊಂಚ ವಿರಳ. ಕೆಂಪು ಅಥವಾ ನೀಲಿಯದಾದರೆ ಬಹು ದುರ್ಲಭ.

ಜಾಲರಿಯ ಬದಲು ತಿರುಳು ಬಣ್ಣದ ಗಟ್ಟಿ ಕಂಬದಂತಿದ್ದರೆ ಅದು ಘನತಿರುಳಿನ ವರ್ಗ. ನಡುವೆ ತೆರಪು ಬಿಟ್ಟು ಮೂರು ನಾಲ್ಕು ಪಟ್ಟೆಗಳಾಗಿ ಒಡೆದಿದ್ದರೆ ವಿಭಕ್ತತಿರುಳಿನದು. ಒಂದೇ ಅಗಲವಾದ ಪಟ್ಟಿ ತಿರುಚಿಕೊಂಡು ಸಾಗಿದ್ದರೆ ರಿಬ್ಬನ್ ತಿರುಳಿನದು. ಕಾಯ್ದ ಗಾಜನ್ನು ಬಣ್ಣದ ಗಾಜಿನ ಚೂರುಗಳ ಮೇಲೆ ಉರುಳಿಸಿ ಎಳೆದಾಗ ಚುಕ್ಕೆಗಳು ಉದ್ದುದ್ದ ಗೀರುಗಳಾಗಿ ತಿರುಳನ್ನು ಆವರಿಸಿದ ಬಗೆಗೆ ಈರುಳ್ಳಿ ಸಿಪ್ಪೆಯ ಹೆಸರಿದೆ. ಅಪಾರದರ್ಶಕವಾದ ಕಪ್ಪು ಗಾಜಿನ ಮೈಮೇಲೆ ಬಣ್ಣದ ಪಟ್ಟೆಗಳಿರುವ ಬಗೆಯನ್ನು ಸಂಗ್ರಾಹಕರು ಇಂಡಿಯನ್ ಎಂದು ಕರೆಯುತ್ತಾರೆ. ಅದು ತಯಾರಾದದ್ದು ಜರ್ಮನಿಯಲ್ಲೇ. ಬಣ್ಣದ ಅಥವಾ ತಿಳಿಯಾದ ಗಾಜಿನೊಳಗೆ ಕಾಗೆಬಂಗಾರದ ಹಳಕುಗಳು ಬೆಳ್ಳಿಯಂತೆ ಮಿರುಗುವ ಗೋಲಿಗಳೂ ಉಂಟು. ಅವುಗಳಲ್ಲಿ ನೀಲಿ, ಹಸುರುಗಳಿಗಿಂತ ಕೆಂಪು ಗಾಜಿನದು ಅಪೂರ್ವ.

ಲುಟ್ಸ್ ಎಂಬ ಹೆಸರನ್ನು ಕೇಳಿದೊಡನೆ ಸಂಗ್ರಾಹಕರ ಕಣ್ಣು ಅರಳುತ್ತದೆ. ಅದರ ಪಟ್ಟೆಗಳಲ್ಲಿ ಚಿನ್ನದ ಪುಡಿಯನ್ನು ಉದುರಿಸಿದಂತೆ ತೋರುವ ಹೊಳಪಿದ್ದರೂ ಅದರಲ್ಲಿ ಚಿನ್ನದ ಲೇಶವೂ ಇಲ್ಲ. ಪ್ರಾಣವಾಯು ಸುಳಿಯದಂತೆ ಕಾಪಾಡಿದ ಕುಲುಮೆಯಲ್ಲಿ ತಾಮ್ರ ಬೆರೆತ ಗಾಜನ್ನು ನಿಧಾನವಾಗಿ ಆರಿಸಿದಾಗ ತಾಮ್ರವು ಸೂಕ್ಷ್ಮ ಹರಳುಗಳಾಗಿ ಬೇರ್ಪಟ್ಟು ಹೊಳೆಯುತ್ತದೆ. ವೆನಿಸ್ಸಿನ ಮುರಾನೊ ದ್ವೀಪದ ಗಾಜುಗಾರರು ಬಲ್ಲ ಹಳೆಯ ರಹಸ್ಯವಿದು. ಆ ಗಾಜನ್ನು ನುಣ್ಣಗೆ ಪುಡಿಮಾಡಿ ಪಟ್ಟೆಗಳಲ್ಲಿ ಸೇರಿಸಿದ್ದೇ ಲುಟ್ಸ್ ಗೋಲಿ. ಅಮೆರಿಕದ ಸ್ಯಾಂಡ್‌ವಿಚ್ ಊರಿನ ಗಾಜುಗಾರ ನಿಕೊಲಾಸ್ ಲುಟ್ಸ್‌ನ ಹೆಸರು ಅದಕ್ಕೆ ಅಂಟಿಕೊಂಡಿದೆಯಾದರೂ ಗೋಲಿಗಳು ಜರ್ಮನಿಯವೇ. ಇಡೀ ಗೋಲಿಯೇ ತಾಮ್ರವರ್ಣದಿಂದ ಮಿನುಗುತ್ತಿದ್ದರೆ ಅದು ಇಂದಿನ ಹರಳಿನ ಅಂಗಡಿಗಳಲ್ಲಿ ಸಿಗುವ ಗುಂಡೇ ಹೊರತು ಲುಟ್ಸ್ ಅಲ್ಲ. ಲುಟ್ಸ್‌ನಲ್ಲಿ ಆ ಹೊಳಪು ಪಟ್ಟೆಗಳಿಗೆ ಮಾತ್ರ ಮೀಸಲು.

ಇನ್ನು ಸಲ್ಫೈಡ್ ಗೋಲಿಗಳು. ತಿಳಿಗಾಜಿನ ದೊಡ್ಡ ಗೋಲಿಯೊಳಗೆ ಬಿಳಿಮಣ್ಣಿನಿಂದ ಎರಕ ಹೊಯ್ದ ನಾಯಿ, ಕುರಿ, ಸಿಂಹ, ಪಕ್ಷಿ, ಮನುಷ್ಯಾಕೃತಿ ಅಥವಾ ಒಂದು ಅಂಕೆ ನಿಂತಿರುತ್ತದೆ. ಆಕೃತಿಗೂ ಗಾಜಿಗೂ ನಡುವೆ ಸಿಕ್ಕಿಕೊಂಡ ಗಾಳಿಯ ತೆಳುಪೊರೆ ಬೆಳಕನ್ನು ಪ್ರತಿಫಲಿಸುವುದರಿಂದ ಬಿಳಿಯ ಮಣ್ಣು ಬೆಳ್ಳಿಯಾಗಿ ತೋರುತ್ತದೆ. ಆಕೃತಿಗೆ ಬಣ್ಣ ಬಳಿದಿದ್ದರೆ, ಸುತ್ತಲಿನ ಗಾಜೇ ಬಣ್ಣದ್ದಾಗಿದ್ದರೆ, ಅಥವಾ ಒಂದೇ ಗೋಲಿಯಲ್ಲಿ ಎರಡು ಆಕೃತಿಗಳಿದ್ದರೆ ಅದು ಅಮೂಲ್ಯ. ಹಾಗೆಯೇ ಸಲಾಕೆಯ ಮೊದಲ ಅಥವಾ ಕೊನೆಯ ತುಂಡಿನಿಂದಾದ ಗೋಲಿಗಳಲ್ಲಿ ತಿರುಳು ಧ್ರುವದಿಂದ ಧ್ರುವಕ್ಕೆ ಮುಟ್ಟದೆ ನಡುವೆಯೇ ಮೊಟಕಾಗಿ ನಿಂತಿರುವುದುಂಟು. ಅಂದಿನವರು ಪ್ರಾಯಶಃ ಕಳಪೆಯೆಂದು ಎಣಿಸಿದ್ದ ಅವನ್ನು ಇಂದು ಹುಡುಕಿ ಕೊಳ್ಳುತ್ತಾರೆ.

ಯಂತ್ರದ ಕಾಲ

ಅಮೆರಿಕದ ಓಹೈಯೊ ರಾಜ್ಯದ ಅಕ್ರನ್ ಪಟ್ಟಣದಲ್ಲಿ 1880ರ ದಶಕದಲ್ಲೇ ಸ್ಯಾಮ್ಯುಯಲ್ ಡೈಕ್ ಎಂಬಾತನು ಮಣ್ಣಿನ ಗೋಲಿಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸುತ್ತಿದ್ದನು. ಅದೇ ಪಟ್ಟಣದ ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್ಸನ್ ಗಾಜಿನ ಗೋಲಿಯನ್ನು ಉರುಳಿಸುವ ಯಂತ್ರವೊಂದನ್ನು ನಿರ್ಮಿಸಿ 1905ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಆ ಯಂತ್ರದಲ್ಲಿಯೂ ಮನುಷ್ಯನ ಕೈ ಪೂರ್ತಿಯಾಗಿ ಮಾಯವಾಗಿರಲಿಲ್ಲ: ಕೆಲಸಗಾರನು ಕಬ್ಬಿಣದ ಸರಳಿನ ತುದಿಗೆ ಕರಗಿದ ಗಾಜನ್ನು ಸುತ್ತಿಕೊಂಡು ತಂದು ತೊಟ್ಟಿಕ್ಕಿಸುವನು, ಇನ್ನೊಬ್ಬನು ಅದನ್ನು ಕತ್ತರಿಸುವನು, ತುಂಡು ತಿರುಗುವ ಚಕ್ರಗಳ ನಡುವೆ ಬಿದ್ದು ಗುಂಡಾಗುವುದು. ಸರಳಿನ ತಿರುವು ಗಾಜಿನಲ್ಲಿ ಹಾಗೆಯೇ ಉಳಿದುಬಿಡುವುದರಿಂದ ಕ್ರಿಸ್ಟೆನ್ಸನ್ನನ ಗೋಲಿಯ ಒಂದು ಧ್ರುವದಲ್ಲಿ ಬಿಳಿಯ ಗೆರೆಯು ಇಂಗ್ಲಿಷಿನ ಒಂಬತ್ತರ ಅಂಕೆಯಂತೆ ಸುತ್ತಿಕೊಂಡಿರುವುದು, ಎದುರು ಧ್ರುವದಲ್ಲಿ ಕತ್ತರಿಸಿದ ಬಾಲದ ಗುರುತು ಕಾಣುವುದು. ಈ ಎರಡು ಗುರುತುಗಳನ್ನು ಬಲ್ಲವನಿಗೆ ಬೇರೆ ಸಹಿಯ ಅಗತ್ಯವಿಲ್ಲ. ಅವನ ಕಾರ್ಖಾನೆ 1917ರಲ್ಲಿ ಮುಚ್ಚಿತು.

ಮೊದಲನೆಯ ಮಹಾಯುದ್ಧವು ಜರ್ಮನಿಯ ಗೋಲಿಗಳಿಗೆ ಸಮುದ್ರದ ದಾರಿಯನ್ನು ಮುಚ್ಚಿದಾಗ ಅಮೆರಿಕದ ಯಂತ್ರಗಳಿಗೆ ಮಾರುಕಟ್ಟೆ ತಾನಾಗಿ ತೆರೆದುಕೊಂಡಿತು. ಅಕ್ರನ್ನಿನಲ್ಲೇ ಹುಟ್ಟಿ, 1914ರಲ್ಲಿ ಅಗ್ಗವಾದ ನೈಸರ್ಗಿಕ ಅನಿಲವನ್ನೂ ಒಳ್ಳೆಯ ಮರಳನ್ನೂ ಅರಸಿ ಪಶ್ಚಿಮ ವರ್ಜೀನಿಯದ ಕ್ಲಾರ್ಕ್ಸ್‌ಬರ್ಗಿಗೆ ವಲಸೆಹೋದ ಆಕ್ರೊ ಅಗೇಟ್ ಕಂಪನಿ ಮುಂದೆ ದೇಶದ ಬಹುದೊಡ್ಡ ತಯಾರಕ ಸಂಸ್ಥೆಯಾಯಿತು. ಸುರುಳಿಯಾಕಾರದ ತೋಡುಗಳುಳ್ಳ ಜೋಡಿ ಉರುಳೆಗಳ ಮೇಲೆ ಗಾಜಿನ ತುಂಡುಗಳು ಒಂದರ ಹಿಂದೊಂದು ಉರುಳುತ್ತ ಸಾಗಿ ತುದಿಯನ್ನು ಮುಟ್ಟುವಷ್ಟರಲ್ಲಿ ಗಟ್ಟಿಯಾಗಿರುತ್ತಿದ್ದವು. ಆಕ್ರೊ ಗೋಲಿಗಳಲ್ಲಿ ಪ್ರಸಿದ್ಧವಾದದ್ದು ಕಾರ್ಕ್‌ಸ್ಕ್ರೂ: ಬಣ್ಣದ ಪಟ್ಟಿಯೊಂದು ಧ್ರುವದಿಂದ ಧ್ರುವಕ್ಕೆ ಗೋಲಿಯನ್ನು ಸುತ್ತಿಕೊಂಡು ಹೋಗುತ್ತದೆ, ಅದರ ಎರಡು ತುದಿಗಳೂ ಎಂದೂ ಒಂದನ್ನೊಂದು ಕೂಡುವುದಿಲ್ಲ. ಎತ್ತಿನ ರಕ್ತದ ಹೆಸರಿನಿಂದ ಕರೆಯಲಾಗುವ ಗಾಢವಾದ ಇಟ್ಟಿಗೆಗೆಂಪಿನ ಅಪಾರದರ್ಶಕ ಗಾಜು ಬೆರೆತಿದ್ದರೆ ಬೆಲೆ ಏರುವುದು. ಆದರೆ ಅದು ನಿಜವಾಗಿಯೂ ಆ ಗಾಜೇ ಎಂದು ತಿಳಿಯಲು ಕೆಂಪಿನೊಳಗೆ ಕಪ್ಪಿನ ಸಣ್ಣ ಎಳೆಗಳು ಕಾಣುತ್ತವೆಯೋ ಎಂಬುದನ್ನು ಮೊದಲು ನೋಡಬೇಕು. ಆಕ್ರೊ 1951ರಲ್ಲಿ ನಿಂತುಹೋಯಿತು.

ಇಲಿನಾಯ್ ರಾಜ್ಯದ ಒಟ್ಟಾವ ಊರಿನ ಪೆಲ್ಟಿಯರ್ ಕಾರ್ಖಾನೆಯ ಗೋಲಿಗಳಲ್ಲಿ ಬಣ್ಣದ ಪಟ್ಟಿಗಳು ಮೇಲ್ಮೈಯಲ್ಲಿ ಸಾಲಾಗಿ ಹಾಸಿಕೊಂಡು, ಎರಡು ಎದುರುಬದುರಾದ ಹೊಲಿಗೆಯಂಥ ಗೆರೆಗಳಲ್ಲಿ ಕೊನೆಗೊಳ್ಳುವುವು. ನೀಲಿಯ ಮೇಲೆ ಕೆಂಪು ಹಳದಿಗಳಿದ್ದರೆ ಸೂಪರ್‌ಮ್ಯಾನ್, ಬಿಳಿಯ ಮೇಲೆ ಕೆಂಪು ಹಸುರುಗಳಿದ್ದರೆ ಕ್ರಿಸ್‌ಮಸ್ ಟ್ರೀ ಎಂದು ಸಂಗ್ರಾಹಕರು ಹೆಸರಿಟ್ಟಿದ್ದಾರೆ. ಪತ್ರಿಕೆಗಳ ಚಿತ್ರಕಥೆಗಳ ಹನ್ನೆರಡು ಪಾತ್ರಗಳನ್ನು ಗೋಲಿಯ ಮೇಲೆ ಮುದ್ರಿಸಿ ಮಾರಿದವರೂ ಇವರೇ. ಇವರೆಲ್ಲರಿಗಿಂತ ಅಲ್ಪಾಯುವಾದರೂ ಸಂಗ್ರಾಹಕರ ಗೌರವದಲ್ಲಿ ಅಗ್ರಸ್ಥಾನವನ್ನು ಪಡೆದದ್ದು ಓಹೈಯೊದ ಕೇಂಬ್ರಿಜಿನ ಕ್ರಿಸ್ಟೆನ್ಸನ್ ಅಗೇಟ್ ಕಂಪನಿ. ಹೆಸರು ಒಂದೇ ಆದರೂ ಅಕ್ರನ್ನಿನ ಕ್ರಿಸ್ಟೆನ್ಸನ್ನನಿಗೂ ಇದಕ್ಕೂ ಸಂಬಂಧವಿಲ್ಲ. 1920ರ ದಶಕದ ಉತ್ತರಾರ್ಧದಿಂದ ಮುಂದಿನ ದಶಕದ ಆರಂಭದವರೆಗೆ ಕೆಲವೇ ವರ್ಷ ನಡೆದ ಈ ಕಾರ್ಖಾನೆಯ ಗಾಜಿನ ಬಣ್ಣಗಳ ಪ್ರಖರತೆ ಬೇರೆಲ್ಲಿಯೂ ಕಾಣಬರುವುದಿಲ್ಲ. ತಿಳಿಯಾದ, ನೀಲಿಯ ಅಥವಾ ಜೇನುಬಣ್ಣದ ಗೋಲಿಯ ಮೈತುಂಬ ನಾನಾ ವರ್ಣದ ಚುಕ್ಕೆಗಳು ಕರಗಿ ಹರಡಿದ್ದರೆ ಅದು ಗಿನಿಕೋಳಿಯ ಹೆಸರನ್ನು ಹೊತ್ತ ಗಿನಿ; ಯಂತ್ರದ ಗೋಲಿಗಳಲ್ಲಿ ಅತ್ಯಧಿಕ ಬೆಲೆಯನ್ನು ತರುವ ಕೆಲವೇ ಬಗೆಗಳಲ್ಲಿ ಅದೊಂದು.

1949ರಲ್ಲಿ ಸ್ಥಾಪಿತವಾದ ಮಾರ್ಬಲ್ ಕಿಂಗ್, ಅದಕ್ಕೂ ಹಿಂದಿನ ವಿಟ್ರೊ ಅಗೇಟ್ ಮೊದಲಾದವು ಪಶ್ಚಿಮ ವರ್ಜೀನಿಯದ ಸಂಸ್ಥೆಗಳು. ಮಾರ್ಬಲ್ ಕಿಂಗ್‌ನ ಹಳದಿ ಕಪ್ಪಿನ ಜೋಡಿಪಟ್ಟೆಯ ಗೋಲಿ ಎಲ್ಲರಿಗೂ ಪರಿಚಿತ. ಐವತ್ತರ ದಶಕದಲ್ಲಿ ಜಪಾನಿನಿಂದ ಬೆಕ್ಕಿನ ಕಣ್ಣಿನ ಗೋಲಿಗಳು ಪ್ರವಾಹದಂತೆ ಬಂದು ಅಮೆರಿಕದ ಮಾರುಕಟ್ಟೆಯನ್ನು ಮುಳುಗಿಸಿದವು. ತಿಳಿಗಾಜಿನ ನಡುವೆ ಬಣ್ಣದ ರೆಕ್ಕೆಗಳು ನಿಂತಿರುವ ಈ ಬಗೆ ಸುಂದರವಾದರೂ ಕೋಟಿಗಟ್ಟಲೆ ತಯಾರಾದುದರಿಂದ ವಿರಳವಲ್ಲ. ಹೊಸ ಸಂಗ್ರಾಹಕನು ಹೆಚ್ಚು ಹಣವನ್ನು ತೆತ್ತು ಮೋಸಹೋಗುವುದು ಇದರಲ್ಲಿಯೇ.

ಸೋಡಾ ಸೀಸೆಯ ಗೋಲಿ

ಕನ್ನಡನಾಡಿನ ಓದುಗರ ಮನೆಗಳಲ್ಲಿ ಲೌಷಾದ ಗೋಲಿ ಸಿಕ್ಕುವುದು ಅಪರೂಪವಾದರೂ ಇತಿಹಾಸವುಳ್ಳ ಇನ್ನೊಂದು ಗೋಲಿ ಸಿಕ್ಕುವ ಸಂಭವ ಹೆಚ್ಚು. ಅದು ಗೋಲಿ ಸೋಡದ್ದು. ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತನು 1870ರ ದಶಕದ ಆರಂಭದಲ್ಲಿ ರೂಪಿಸಿದ ಆ ಸೀಸೆಯ ಇಡುಕಾದ ಕತ್ತಿನಲ್ಲಿ ಗಾಜಿನ ಗೋಲಿಯೊಂದು ಬಂಧಿತವಾಗಿರುತ್ತದೆ. ಸೀಸೆಯನ್ನು ತಲೆಕೆಳಗು ಮಾಡಿ ತುಂಬಿದಾಗ ಅನಿಲದ ಒತ್ತಡವು ಗೋಲಿಯನ್ನು ಬಾಯಿಯ ರಬ್ಬರಿನ ಉಂಗುರಕ್ಕೆ ಒತ್ತಿಹಿಡಿದು ಮುಚ್ಚಳವಾಗಿಸುತ್ತದೆ. ಗೋಲಿಯ ಆಸೆಗೆ ಮಕ್ಕಳು ಸೀಸೆಗಳನ್ನೇ ಒಡೆಯುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ ಹಳೆಯ ಸೀಸೆಗಳು ಇಂದು ದುರ್ಲಭವಾಗಿವೆ. ಆ ಗೋಲಿಗೆ ಎಳೆಯಿಲ್ಲ, ಪಟ್ಟೆಯಿಲ್ಲ, ತಿರುಳಿಲ್ಲ. ಮರಳಿನಲ್ಲಿದ್ದ ಕಬ್ಬಿಣದ ಅಂಶದಿಂದ ಬಂದ ತಿಳಿಹಸುರು ಛಾಯೆಯೊಂದೇ ಅದರ ಅಲಂಕಾರ. ಬಳೆಗಳಿಗೆ ಹೆಸರಾದ ಉತ್ತರ ಪ್ರದೇಶದ ಫಿರೋಜಾಬಾದಿನ ಗಾಜಿನ ಕುಲುಮೆಗಳೂ ನಮ್ಮ ಮಕ್ಕಳ ಕೈಗೆ ಗೋಲಿಗಳನ್ನು ಒದಗಿಸಿವೆ. ಇವಕ್ಕೆ ಹರಾಜಿನಲ್ಲಿ ಬೆಲೆ ಬಾರದಿರಬಹುದು; ಆದರೆ ಯಾವ ಊರಿನ ಯಾವ ಅಂಗಡಿಯ ಸೀಸೆಯಿಂದ ಬಂದುದೆಂದು ಬರೆದಿಟ್ಟ ಗೋಲಿಯೊಂದು ನಮ್ಮ ನಾಡಿನ ಬೀದಿಯ ಬಾಳಿಗೆ ಒಂದು ದಾಖಲೆಯಾಗುವುದರಲ್ಲಿ ಸಂದೇಹವಿಲ್ಲ.

ಪರೀಕ್ಷೆಯ ಕ್ರಮ

ಗೋಲಿಯನ್ನು ಪರೀಕ್ಷಿಸಲು ಬೇಕಾದ ಸಲಕರಣೆಗಳು ಅಲ್ಪ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ವ್ಯಾಸವನ್ನು ಅಳೆಯುವ ಕ್ಯಾಲಿಪರ್, ನೆರಳು ಬೀಳದ ಹಗಲು ಬೆಳಕು. ಮೊದಲು ಗಾತ್ರ. ಯಂತ್ರದ ಆಟದ ಗೋಲಿ ಸುಮಾರಾಗಿ ಒಂದು ಅಂಗುಲದ ಎಂಟನೆಯ ಐದು ಭಾಗ, ಅಂದರೆ 16 ಮಿಲಿಮೀಟರಿನಷ್ಟಿರುತ್ತದೆ. ಹಳೆಯ ಯಂತ್ರದ ಗೋಲಿ ಒಂದಂಗುಲವನ್ನು ಮೀರುವುದು ವಿರಳ. ಕೈಯಿಂದಾದವು ಎರಡಂಗುಲಕ್ಕೂ ಮೀರಿ ಬೆಳೆದಿರಬಹುದು. ಅನಂತರ ದುಂಡು: ನಾಲ್ಕಾರು ಕಡೆ ವ್ಯಾಸವನ್ನು ಅಳೆದಾಗ ಅಳತೆ ಹೆಚ್ಚು ಕಡಮೆಯಾದರೆ ಕೈಕೆಲಸವೆಂದು ಊಹಿಸಬಹುದು. ಮೂರನೆಯದು ಧ್ರುವ: ಪಾಂಟಿಲ್ ಇದೆಯೇ, ಹೊಲಿಗೆಯಂಥ ಗೆರೆಯಿದೆಯೇ, ಒಂಬತ್ತರ ಸುತ್ತಿದೆಯೇ, ಏನೂ ಇಲ್ಲವೇ. ನಾಲ್ಕನೆಯದು ತಿರುಳು. ಕೊನೆಯದು, ಬೇಕಾದರೆ, ನೇರಳಾತೀತ ದೀಪ: ಯುರೇನಿಯಂ ಬೆರೆತ ಗಾಜು ಅದರ ಕೆಳಗೆ ಕಣ್ಣು ಕೋರೈಸುವ ಹಸುರಾಗಿ ಬೆಳಗುತ್ತದೆ. ಗೋಲಿಯಿದ್ದ ಮೂಲ ಪೆಟ್ಟಿಗೆ ಉಳಿದಿದ್ದರೆ ಅದನ್ನೂ ನೋಡಬೇಕು. ಹೊರದೇಶದ ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1890ರಲ್ಲಿ ಶಾಸನ ಮಾಡಿತಾದುದರಿಂದ, ಜರ್ಮನಿಯ ಹೆಸರನ್ನು ಇಂಗ್ಲಿಷಿನಲ್ಲಿ ಹೊತ್ತ ಪೆಟ್ಟಿಗೆ ಸಾಮಾನ್ಯವಾಗಿ ಆ ಬಳಿಕದ್ದೆಂದು ತಿಳಿಯಬಹುದು. ಎಷ್ಟೋ ವೇಳೆ ಪೆಟ್ಟಿಗೆಯ ಬೆಲೆ ಗೋಲಿಗಳ ಬೆಲೆಯನ್ನು ಮೀರುವುದುಂಟು.

ಹುಟ್ಟು ತಿಳಿದ ಮೇಲೆ ಆರೋಗ್ಯವನ್ನು ನೋಡಬೇಕು. ಆಟದಲ್ಲಿ ಬಿದ್ದ ಪೆಟ್ಟುಗಳು ಮೇಲ್ಮೈಯ ಕೆಳಗೆ ಅರ್ಧಚಂದ್ರಾಕೃತಿಯ ಸಣ್ಣ ಬಿರುಕುಗಳನ್ನು ಉಂಟುಮಾಡುತ್ತವೆ. ಪೆಟ್ಟು ದೊಡ್ಡದಾದರೆ ಚಕ್ಕೆ ಏಳುತ್ತದೆ. ದೀರ್ಘಕಾಲದ ಉಜ್ಜಾಟದಿಂದ ಮೈ ಮಂಜಿನಂತೆ ಮಸಕಾಗುತ್ತದೆ. ಇವು ಬೆಲೆಯನ್ನು ತಗ್ಗಿಸುತ್ತವೆ. ಗಾಜು ಆರುವಾಗಲೇ ಒಳಗೆ ಬಿದ್ದ ಬಿರುಕು, ಸಿಕ್ಕಿಕೊಂಡ ಗಾಳಿಯ ಗುಳ್ಳೆ, ಕುಲುಮೆಯ ಕಸರು, ಮೈಮೇಲಿನ ಮಡಿಕೆ ಇವು ಹುಟ್ಟಿನಿಂದ ಬಂದವು. ಬಲ್ಲವರು ಇವನ್ನು ಅಷ್ಟಾಗಿ ದೋಷವೆಂದು ಎಣಿಸುವುದಿಲ್ಲ. ಪೆಟ್ಟಿನ ಗಾಯವನ್ನೂ ಹುಟ್ಟಿನ ಮಚ್ಚೆಯನ್ನೂ ಬೇರೆಬೇರೆಯಾಗಿ ಕಾಣುವ ದೃಷ್ಟಿ ಅಭ್ಯಾಸದಿಂದ ಮಾತ್ರ ಬರತಕ್ಕದ್ದು.

ನಕಲುಗಳ ವಿಷಯದಲ್ಲಿ ಎಚ್ಚರ ಬೇಕು. ಹಳೆಯ ಮಾದರಿಯ ಸಲ್ಫೈಡ್ ಗೋಲಿಗಳು ಈಚೆಗೆ ಹೊಸದಾಗಿ ತಯಾರಾಗಿ ಮಾರುಕಟ್ಟೆಗೆ ಬಂದಿವೆ. ನೂರು ವರ್ಷ ಕಳೆದ ಗೋಲಿಯ ಮೈಮೇಲೆ, ಅದನ್ನು ಎಷ್ಟೇ ಜೋಪಾನ ಮಾಡಿದ್ದರೂ, ಒಂದೆರಡು ಗೀರುಗಳಾದರೂ ಇರುವುದು ಸಹಜ. ಎಲ್ಲಿಯೂ ಒಂದು ಗೀರಿಲ್ಲದ, ಧ್ರುವವೂ ನುಣ್ಣಗಿರುವ, ನೀರಿನಲ್ಲಿ ಅದ್ದಿ ತೆಗೆದಂತೆ ಹೊಳೆಯುವ ಗೋಲಿಯನ್ನು ಕಂಡರೆ ಒಂದೋ ಅದು ಹೊಸದು, ಇಲ್ಲವೆ ಯಾರೋ ಅದಕ್ಕೆ ಸಾಣೆ ಹಿಡಿದು ಮೆರುಗು ಕೊಟ್ಟಿದ್ದಾರೆ ಎಂದು ಸಂಶಯಿಸಬೇಕು. ಈ ಎರಡನೆಯದೇ ಹೆಚ್ಚು ವ್ಯಸನಕರ. ಚಕ್ಕೆಯನ್ನು ಅಳಿಸುವ ಆತುರದಲ್ಲಿ ಮೇಲ್ಮೈಯನ್ನು ತೇಯುವವನು ಪಾಂಟಿಲ್ಲನ್ನೂ, ಮೇಲ್ಮೈಯಲ್ಲಿದ್ದ ಪಟ್ಟೆಗಳನ್ನೂ, ಕತ್ತರಿಯ ಕುರುಹನ್ನೂ ಒಟ್ಟಿಗೆ ಅಳಿಸಿಬಿಡುತ್ತಾನೆ. ಅಷ್ಟರಿಂದ ಗೋಲಿ ಅಂದವಾಗಬಹುದು. ಆದರೆ ತಾನು ಯಾರ ಕೈಯಲ್ಲಿ ಹುಟ್ಟಿದೆನೆಂದು ಹೇಳುವ ಶಕ್ತಿಯನ್ನು ಅದು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಮೆರುಗು ಕೊಟ್ಟ ಗೋಲಿಯ ಬೆಲೆಯನ್ನು ಸಂಗ್ರಾಹಕರು ಬಹಳವಾಗಿ ಇಳಿಸುವುದು ನ್ಯಾಯವೇ ಸರಿ.

ಲೌಷಾದಲ್ಲಿ ಗಾಜಿನ ಕಲೆಗೆ ಒಂದು ಮ್ಯೂಸಿಯಂ ಇದೆ, ಅಕ್ರನ್ನಿನಲ್ಲಿ ಗೋಲಿಗಳಿಗೆಂದೇ ಇನ್ನೊಂದು ಹುಟ್ಟಿತು. ಆ ಊರುಗಳ ಜನ ತಮ್ಮ ಹಿರಿಯರ ಕೈಕೆಲಸವನ್ನು ಮಕ್ಕಳ ಆಟಿಕೆಯೆಂದು ತಾತ್ಸಾರ ಮಾಡದೆ ಕಾಪಾಡಿದ್ದರಿಂದಲೇ ನಾವು ಇಂದು ಇಷ್ಟನ್ನು ತಿಳಿಯಬಲ್ಲವರಾಗಿದ್ದೇವೆ. ನಮ್ಮ ಮನೆಗಳ ಅಟ್ಟದ ಮೇಲೆಯೂ ಹಳೆಯ ತಗಡಿನ ಡಬ್ಬಿಗಳಲ್ಲಿ, ಬಟ್ಟೆಯ ಚೀಲಗಳಲ್ಲಿ, ಅಜ್ಜಂದಿರು ಆಡಿಬಿಟ್ಟ ಗೋಲಿಗಳು ಇದ್ದೇ ಇರುತ್ತವೆ. ಅಂಥವು ದೊರೆತಾಗ ಓದುಗರು ಇಷ್ಟನ್ನು ಮಾಡಬೇಕೆಂದು ನನ್ನ ವಿನಂತಿ: ಅವನ್ನು ಕಸದೊಡನೆ ಎಸೆಯಬೇಡಿ; ಕುದಿನೀರಿಗಾಗಲಿ ಆಮ್ಲಕ್ಕಾಗಲಿ ಹಾಕದೆ ಉಗುರುಬೆಚ್ಚನೆಯ ನೀರಿನಲ್ಲಿ ಸಾಬೂನಿನಿಂದ ತೊಳೆಯಿರಿ; ಒಂದಕ್ಕೊಂದು ತಗುಲದಂತೆ ಹತ್ತಿಯಲ್ಲಿ ಸುತ್ತಿಡಿ; ಎಲ್ಲಿಂದ ಬಂದವು, ಯಾರು ಆಡಿದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ; ಮೆರುಗು ಕೊಡಿಸುವ ಆಸೆಗೆ ಮಾತ್ರ ಎಂದಿಗೂ ಒಳಗಾಗಬೇಡಿ.